ಅವತಿ ಬೆಟ್ಟಕ್ಕೆ 120 ಎಂಎಂ ಸಾಕು: ಸ್ಕಾಟ್ ಸ್ಪಾರ್ಕ್ ಬಗ್ಗೆ

ಫುಲ್ ಸಸ್ಪೆನ್ಷನ್ ಬೈಕ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಬೆಟ್ಟದ ಸೈಕಲ್ಲು, ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಎತ್ತುವುದೇ ಟ್ರಾವೆಲ್ ಮಾತು, ಅಂದರೆ ಸಸ್ಪೆನ್ಷನ್ ಎಷ್ಟು ಕುಸಿಯಬಲ್ಲದು ಅನ್ನುವ ಲೆಕ್ಕ. 150 ಎಂಎಂ ಇದೆ, 170 ಇದೆ, ಎಂಥ ಕಲ್ಲನ್ನಾದರೂ ನುಂಗಿಬಿಡುತ್ತದೆ ಅಂತ. ನಾನು ಕೇಳುವುದು ಬೇರೆ: ಆ ಕಲ್ಲಿರುವ ಜಾಗಕ್ಕೆ ನೀವು ಹೋಗುವುದು ಹೇಗೆ? ಕಾರಿನ ಹಿಂದೆ ಬೈಕ್ ಕಟ್ಟಿಕೊಂಡೋ, ತುಳಿದುಕೊಂಡೋ?

ನಾನು ಯಲಹಂಕದವಳು, ತುಳಿದೇ ಹೋಗುವವಳು. ದೇವನಹಳ್ಳಿ ಆಚೆಯ ಅವತಿಗೆ ಸುಮಾರು 30 ಕಿ.ಮೀ. ಡಾಂಬರು ರಸ್ತೆ. ಆಮೇಲೆ ಮುಳ್ಳುಪೊದೆ, ಕಾಲಿಟ್ಟರೆ ಜಾರುವ ಗೊರಜು, ದೊಡ್ಡ ದೊಡ್ಡ ಹಾಸುಬಂಡೆ. ಮಜಾ ಮುಗಿದ ಮೇಲೆ ಎದುರುಗಾಳಿಯಲ್ಲಿ ಅಷ್ಟೇ ದೂರ ವಾಪಸ್ಸು. ಇದನ್ನೆಲ್ಲ ಲೆಕ್ಕ ಹಾಕಿಯೇ ಅಲ್ಯೂಮಿನಿಯಂ ಫ್ರೇಮಿನ ಸ್ಕಾಟ್ ಸ್ಪಾರ್ಕ್ ತಗೊಂಡೆ. 2022ರ ವಿನ್ಯಾಸ, ಹಿಂದೆ 120 ಎಂಎಂ, ಮುಂದೆ 130, 29 ಇಂಚಿನ ಚಕ್ರ.

ಇದರ ಜೀವಾಳ ಹ್ಯಾಂಡಲ್ ಮೇಲಿನ ಟ್ವಿನ್‌ಲಾಕ್ ಲಿವರ್. ಹೆಬ್ಬೆರಳಲ್ಲಿ ಒತ್ತಿದರೆ ಫೋರ್ಕು (ಮುಂದಿನ ಸಸ್ಪೆನ್ಷನ್), ಶಾಕು (ಹಿಂದಿನದು) ಎರಡೂ ಒಟ್ಟಿಗೆ ಬದಲಾಗುತ್ತವೆ. ಹೈವೇಯಲ್ಲಿ ಪೂರ್ತಿ ಲಾಕ್. ತುಳಿದ ಶಕ್ತಿ ಸ್ಪ್ರಿಂಗಾಟಕ್ಕೆ ಹೋಗುವುದಿಲ್ಲ. ಇಳಿಜಾರಿನಲ್ಲಿ ಪೂರ್ತಿ ಬಿಡುವುದು. ನನಗೆ ಅತಿ ಇಷ್ಟವಾದದ್ದು ನಡುವಿನ ಸ್ಥಿತಿ: ಹಿಂದಿನ ಟ್ರಾವೆಲ್ 80 ಎಂಎಂಗೆ ಇಳಿಯುತ್ತದೆ, ಬೈಕ್ ಹಿಂದಕ್ಕೆ ಕುಸಿಯುವುದಿಲ್ಲ, ಆದರೂ ಟೈರು ನೆಲ ಬಿಡುವುದಿಲ್ಲ. ಗೊರಜು ತುಂಬಿದ ಕಡಿದಾದ ಏರಿನಲ್ಲಿ ಹಿಂಗಾಲಿ ಸುಮ್ಮನೆ ತಿರುಗದೆ ಹಿಡಿದುಕೊಳ್ಳುವುದನ್ನು ಅನುಭವಿಸಿದರೇ ಗೊತ್ತಾಗುವುದು.

ಜೊತೆಗೆ ಬರುವ ಗೆಳೆಯನದು 160 ಎಂಎಂ ಎಂಡ್ಯೂರೋ ಬೈಕ್, ಕಡಿದಾದ ಇಳಿಜಾರಿಗೆಂದೇ ಮಾಡಿದ್ದು. ಬಂಡೆಯ ಮೆಟ್ಟಿಲಿನಲ್ಲಿ ನಾನು ದಾರಿ ಆರಿಸಿಕೊಂಡು ಇಳಿಯುವಾಗ ಅವನು ಬ್ರೇಕ್ ಮುಟ್ಟದೆ ಹೋಗುತ್ತಾನೆ, ನೋಡಲು ಚಂದ. ಅಂಥ ಬೈಕಿನ ಮುಂಗಾಲಿ ಚಾಚಿಕೊಂಡಿರುತ್ತದೆ. ಇಳಿಜಾರಿನಲ್ಲಿ ಅದೇ ಧೈರ್ಯ, ನಿಧಾನದ ಏರಿನಲ್ಲಿ ಅದೇ ಹ್ಯಾಂಡಲ್ ಅತ್ತಿತ್ತ ಅಲೆಯಲು ಕಾರಣ. ಅವನು ಜೀಪಿನಲ್ಲಿ ಮೇಲೆ ಹೋಗಿ ಇಳಿಯುವುದೇ ಹೆಚ್ಚು, ಹಾಗಾಗಿ ಅವನ ಆಯ್ಕೆ ಅವನಿಗೆ ಸರಿ. ನೀವೂ ಹಾಗೆ ಓಡಿಸುವವರಾದರೆ ಸ್ಪಾರ್ಕ್ ಬೇಡ. ಎತ್ತರದಿಂದ ಹಾರಿ ಇಳಿಯುವ ಆಸೆಯಿದ್ದರೂ ಬೇಡ.

ಶಾಕ್ ಫ್ರೇಮಿನ ಒಳಗೇ ಅಡಗಿದೆ. ಮೂಡಿಗೆರೆಯಲ್ಲಿ ಚಿಕ್ಕಪ್ಪನ ಕಾಫಿ ತೋಟದ ಕೆಸರು ಅದಕ್ಕೆ ತಾಗುವುದಿಲ್ಲ ಅನ್ನುವುದು ನಿಜವಾದ ಲಾಭ. ಆದರೆ ಶಾಕ್‌ಗೆ ಗಾಳಿ ತುಂಬಲು ಕೆಳಗಿನ ಮುಚ್ಚಳ ತೆಗೆಯಬೇಕು. ಕೇಬಲ್‌ಗಳೂ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಮೂಲಕ ಒಳಹೋಗುತ್ತವೆ, ಅಲ್ಲಿನ ಬೇರಿಂಗ್ ಬದಲಿಸಲು ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ಮಳೆಯಲ್ಲಿ ಓಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ. ನನಗಂತೂ ಈ ವಿನ್ಯಾಸ ಹಿಡಿಸಿಲ್ಲ. ಪ್ರೆಷರ್ ವಾಶರ್ ನೀರನ್ನು ಪಿವಟ್‌ಗಳ (ಫ್ರೇಮಿನ ಹಿಂಭಾಗ ಆಡುವ ಕೀಲುಗಳ) ಹತ್ತಿರಕ್ಕೂ ಬಿಡಬೇಡಿ, ಬೇರಿಂಗಿನ ಗ್ರೀಸ್ ಕೊಚ್ಚಿಹೋಗುತ್ತದೆ.

ಯಾವ ಬೈಕ್ ಕೊಂಡರೂ ಸ್ಯಾಗ್, ಅಂದರೆ ನಿಮ್ಮ ತೂಕಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ, ಹೊಂದಿಸದೆ ಅಂಗಡಿಯಿಂದ ಹೊರಗೆ ಬರಬೇಡಿ. ನೀರಿನ ಚೀಲ, ಹೆಲ್ಮೆಟ್ ಸಮೇತ ಸೀಟಿನ ಮೇಲೆ ಕೂತಾಗ ಹಿಂದಿನ ಟ್ರಾವೆಲ್‌ನ ಕಾಲು ಭಾಗ, ಅಂದರೆ ಇಲ್ಲಿ 30 ಎಂಎಂ, ಕುಸಿಯಬೇಕು. ಶಾಕ್ ಕಾಣದಿದ್ದರೂ ಪಿವಟ್ ಹತ್ತಿರ ಗುರುತು ಕೊಟ್ಟಿದ್ದಾರೆ, ಒಬ್ಬರು ಬೈಕ್ ಹಿಡಿದುಕೊಂಡು ಇನ್ನೊಬ್ಬರು ನೋಡಿದರಾಯಿತು. ಜೊತೆಗೆ ಶಾಕ್ ಪಂಪ್ ಒಂದನ್ನು ಅವತ್ತೇ ಕೊಳ್ಳಿ, ಟೈರಿನ ಪಂಪ್ ಅದಕ್ಕೆ ನಡೆಯುವುದಿಲ್ಲ. ಫೋರ್ಕಿನ ಕೆಳಭಾಗದ ಆಯಿಲ್ ಬದಲಿಸಲು ಕೆಲವು ತಯಾರಕರು ಹೇಳುವುದು 50 ಗಂಟೆ ಓಡಿಸಿದಾಗಲೊಮ್ಮೆ. ಅದನ್ನು ಮಾಡಿಕೊಡುವವರು ನಿಮ್ಮ ಊರಲ್ಲಿ ಯಾರಿದ್ದಾರೆ ಅಂತ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.