ಖಾತೆ ಅಳಿಸುವ ಮೊದಲು ನನ್ನ ಕ್ಯಾಲೆಂಡರಿನ ಕಥೆ ಕೇಳಿ

ನಾನು ಬಿಡಿಸಿದ 2025ರ ಯಕ್ಷಗಾನ ಕ್ಯಾಲೆಂಡರ್ ನಿಮ್ಮ ಮನೆಯ ಗೋಡೆಯಲ್ಲಿದ್ದರೆ, ದಯವಿಟ್ಟು ಅದರ ಮೂಲೆಯ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಡಿ. ಅದು ನನ್ನ ಅಂಗಡಿಗೆ ಹೋಗುತ್ತಿಲ್ಲ. ಆ ವಿಳಾಸದಲ್ಲಿ ಈಗ ಜೂಜಿನವರು ಕೂತಿದ್ದಾರೆ.

ನಾನು ಕುಂದಾಪುರದ ಕಡೆಯವನು. ಮೇಳದ ಚೌಕಿಯಲ್ಲಿ ಕೂತು, ವೇಷಧಾರಿಗಳು ಬಣ್ಣ ಬರೆದುಕೊಳ್ಳುವುದನ್ನು ಇಂಕ್ ಪೆನ್ನಲ್ಲಿ ಗೀಚುವುದು ನನ್ನ ಕೆಲಸ. ಹತ್ತು ವರ್ಷ ಎಲ್ಲವನ್ನೂ ಒಂದೇ ದೊಡ್ಡ ಕಂಪನಿಯ ಜಾಲತಾಣಕ್ಕೆ ಹಾಕಿದೆ. ಆರ್ಡರ್ ಬರುತ್ತಿದ್ದದ್ದೂ ಅಲ್ಲೇ, ಮಾತುಕತೆಯೂ ಅಲ್ಲೇ. 2024ರ ಮಧ್ಯದಲ್ಲಿ, ಜನ ಹಾಕಿದ ಚಿತ್ರಗಳಿಂದಲೇ ಎಐಗೆ ತರಬೇತಿ ಕೊಡುತ್ತಾರೆ ಎಂಬ ಸುದ್ದಿ ಓದಿ ತಲೆ ಬಿಸಿಯಾಯಿತು. ಒಂದು ರಾತ್ರಿ ಯಕ್ಷಗಾನದ ಆಟ ನೋಡಿ ಬಂದವನು, ನಿದ್ದೆಗಣ್ಣಲ್ಲೇ ಖಾತೆ ಅಳಿಸುವ ಗುಂಡಿ ಒತ್ತಿದೆ. ಹೊರಬಂದದ್ದಕ್ಕೆ ಈಗಲೂ ಬೇಸರವಿಲ್ಲ. ಹೊರಬಂದ ರೀತಿ ಮಾತ್ರ ಶುದ್ಧ ದಡ್ಡತನ.

ಅಳಿಸುವ ಮುಂಚೆ ನನ್ನ ದಾಖಲೆಗಳ ಪ್ರತಿ ಕೇಳಿದ್ದೆ, ಅಷ್ಟು ಬುದ್ಧಿ ಇತ್ತು. ಎರಡು ದಿನ ಬಿಟ್ಟು ಒಂದು ಜಿಪ್ ಫೈಲ್ ಬಂತು. ಅದನ್ನು ತೆರೆದು ನೋಡದೆ ಪೆನ್‌ಡ್ರೈವ್‌ಗೆ ಹಾಕಿ ನಿಶ್ಚಿಂತೆಯಿಂದ ಮಲಗಿದ್ದು ತಪ್ಪು. ಎರಡು ತಿಂಗಳ ನಂತರ ತೆರೆದರೆ, ಚಿತ್ರಗಳೆಲ್ಲ ಕುಗ್ಗಿದ ಪ್ರತಿಗಳು. ಫೋನಿನಲ್ಲಿ ಚೆಂದ, ಅಚ್ಚಿಗೆ ಕೊಟ್ಟರೆ ಮಸುಕು. ಹಳೆಯ ಮೂಲ ಸ್ಕ್ಯಾನುಗಳಿದ್ದ ಹಾರ್ಡ್ ಡಿಸ್ಕ್ ಯಾವಾಗಲೋ ಸತ್ತಿತ್ತು. ಸಂದೇಶಗಳ ಕಡತವಂತೂ ಕಂಪ್ಯೂಟರ್ ಪ್ರೋಗ್ರಾಂಗಳು ಓದುವ ಜೇಸನ್ (JSON) ರೂಪದಲ್ಲಿತ್ತು. ಅದರಲ್ಲಿ ಕನ್ನಡದ ಒಂದಕ್ಷರವೂ ಓದಲು ಸಿಗಲಿಲ್ಲ. ಇದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿಗಳ ರಾಶಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಆ ಸಂಕಟ ಗೊತ್ತು. ಬಲ್ಲವರೊಬ್ಬರು ಆಮೇಲೆ ಸಣ್ಣದೊಂದು ಪ್ರೋಗ್ರಾಂ ಬರೆದು ಅಕ್ಷರ ಸರಿ ಮಾಡಿಕೊಟ್ಟರು. ಆದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಏನಾಯಿತೆಂದರೆ, ಮುಂಬೈಯ ಹೋಟೆಲ್ ಮಾಲೀಕರೊಬ್ಬರು ತೀರಿಹೋದ ತಮ್ಮ ಅಪ್ಪಯ್ಯನ ಬಣ್ಣದ ವೇಷದ ಚಿತ್ರಕ್ಕೆ 3,500 ರೂಪಾಯಿ ಮುಂಗಡ ಕೊಟ್ಟಿದ್ದರು. ಅವರ ವಿಳಾಸ, ಕಳಿಸಿದ ಹಳೆಯ ಫೋಟೋ ಎಲ್ಲ ಆ ಸಂದೇಶಗಳಲ್ಲೇ ಇದ್ದವು. ಯುಪಿಐಯಲ್ಲಿ ಕಂಡದ್ದು ಅರ್ಧ ಹೆಸರು, ಒಂದು ಐಡಿ, ಅಷ್ಟೆ. ಅವರ ಕಡೆಯಿಂದ ನೋಡಿ: ದುಡ್ಡು ಹಾಕಿದ ಎರಡು ವಾರಕ್ಕೆ ಕಲಾವಿದ ಖಾತೆ ಸಮೇತ ಮಾಯ! ಮೇಳದ ಭಾಗವತರೊಬ್ಬರ ಮೂಲಕ ಕೊನೆಗೂ ನನ್ನ ಫೋನ್ ನಂಬರ್ ಹಿಡಿದು, “ಎಂತ ಮಾರಾಯ್ರೆ, ದುಡ್ಡು ತಕೊಂಡು ಪರಾರಿಯಾ?” ಎಂದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಚಿತ್ರ ಮುಗಿಸಿ ಕಳಿಸಿದೆ, ಉಳಿದ ಹಣ ತೆಗೆದುಕೊಳ್ಳಲಿಲ್ಲ.

2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ, ನಮ್ಮೂರ ಹುಡುಗನೊಬ್ಬ ಹಿಂಬಾಲಕರೆಲ್ಲ ಹೋದರು ಎಂದು ಗೋಳಾಡಿದ್ದ. ನಾನು ನಕ್ಕಿದ್ದೆ. ಅವನನ್ನು ಹೊರಹಾಕಿದ್ದು ಸರಕಾರ, ನನ್ನನ್ನು ನಾನೇ.

ಇನ್ನು ಕ್ಯಾಲೆಂಡರ್. ಸ್ವಂತ ವೆಬ್‌ಸೈಟ್ ಇದೆಯಲ್ಲ ಎಂಬ ಧೈರ್ಯ ನನಗಿತ್ತು. 2024ರ ಫೆಬ್ರವರಿಯಲ್ಲಿ ಪರಿಚಯದ ಹುಡುಗ ಮಾಡಿಕೊಟ್ಟದ್ದು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡದ್ದು ಅವನ ಇಮೇಲ್‌ನಲ್ಲಿ, ಅವನ ಕಾರ್ಡಿನಲ್ಲಿ; ದುಡ್ಡು ಮಾತ್ರ ನನ್ನದು. ಡಿಸೆಂಬರಿನಲ್ಲಿ 500 ಕ್ಯಾಲೆಂಡರ್ ಅಚ್ಚು ಹಾಕಿಸಿ, ಮೂಲೆಗೆ ಆ ವಿಳಾಸದ ಕ್ಯೂಆರ್ ಕೊಟ್ಟೆ. ಹುಡುಗ ಅಷ್ಟರಲ್ಲಿ ಬೆಂಗಳೂರು ಸೇರಿ ಆ ಇಮೇಲ್ ನೋಡುವುದನ್ನೇ ಬಿಟ್ಟಿದ್ದ. ವರ್ಷ ತುಂಬಿದಾಗ ಡೊಮೇನ್ ತಾನಾಗಿ ನವೀಕರಣವಾಗುತ್ತದೆ ಎಂದುಕೊಂಡಿದ್ದೆವು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬೇರೆ ಇದೆ: ಮೊದಲೇ ಒಪ್ಪಿಗೆ ನೋಂದಾಯಿಸದಿದ್ದರೆ ಕಾರ್ಡಿನಿಂದ ಹಣ ತಾನಾಗಿ ಕಡಿತವಾಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಪಾವತಿ ವಿಫಲವಾಯಿತು, ಸೂಚನೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋದವು.

ಡಾಟ್ ಕಾಮ್ ಹೆಸರು ಅವಧಿ ಮುಗಿದ ಕೂಡಲೇ ಕೈ ಬಿಡುವುದಿಲ್ಲ. ಅದನ್ನು ಮಾರಿದ ಕಂಪನಿ ಹೆಚ್ಚೆಂದರೆ 45 ದಿನ ಕಾಯುತ್ತದೆ. ಆಮೇಲೆ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದಾದ ಮೇಲೆ 5 ದಿನ, ಆಗ ಯಾರೂ ಏನೂ ಮಾಡುವಂತಿಲ್ಲ. ಕೊನೆಗೆ ಯಾರು ಮೊದಲು ಕೊಂಡರೋ ಅವರದ್ದು. ನಾನು ತಿರುಗಾಟದ ಮೇಳಗಳ ಹಿಂದೆ ಅಲೆಯುತ್ತಿದ್ದೆ. ಮೇ ಕೊನೆಯ ವಾರದ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮನೆಗೆ ಬಂದು ನೋಡಿದರೆ, ನನ್ನ ಹೆಸರಿನ ವಿಳಾಸದಲ್ಲಿ ಇಸ್ಪೀಟೆಲೆಗಳು ಕುಣಿಯುತ್ತಿದ್ದವು.

ಬೇರೆ ಜಾಲತಾಣಕ್ಕೆ ಹಾರಿದರಾಯಿತು ಎನ್ನುವವರು ‘ಕಾರಾ’ ಎಂಬ ಕಲಾವಿದರ ಜಾಲತಾಣದ ಕಥೆ ನೆನಪಿಟ್ಟುಕೊಳ್ಳಿ. ಛಾಯಾಗ್ರಾಹಕಿ ಜಿಂಗ್ನಾ ಜಾಂಗ್ ಕಟ್ಟಿದ ಆ ತಾಣಕ್ಕೆ 2024ರ ಜೂನ್‌ನಲ್ಲಿ ಎಐಗೆ ಹೆದರಿದ ಕಲಾವಿದರು ನುಗ್ಗಿದರು. 40 ಸಾವಿರ ಇದ್ದವರು ಒಂದೇ ವಾರದಲ್ಲಿ ಆರೂವರೆ ಲಕ್ಷವಾದರು, ಸರ್ವರ್ ಬಿಲ್ 96 ಸಾವಿರ ಡಾಲರ್ ದಾಟಿತು. ಆಕೆಯ ಉದ್ದೇಶ ಒಳ್ಳೆಯದೇ. ಆದರೂ ಅದು ಇನ್ನೊಬ್ಬರ ಮನೆಯ ಜಗಲಿ.

ಹೊಸ ಡೊಮೇನ್ ನನ್ನ ಹೆಸರಿನಲ್ಲೇ ಕೊಂಡಿದ್ದೇನೆ, ಐದು ವರ್ಷದ ಹಣ ಒಟ್ಟಿಗೇ ಕಟ್ಟಿ. ಓಟಿಪಿ ನನ್ನ ಫೋನಿಗೇ ಬರುತ್ತದೆ. ಚಿತ್ರ ಕೊಂಡವರ ಹೆಸರು, ಫೋನ್, ಇಮೇಲ್ ಈಗ ಹಾಳೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. 212 ಜನ ಆಗಿದ್ದಾರೆ. ಅಳಿಸಿದ ಆ ಖಾತೆಯಲ್ಲಿ ಹನ್ನೊಂದು ಸಾವಿರ ಹಿಂಬಾಲಕರಿದ್ದರು, ಅವರಲ್ಲಿ ಒಬ್ಬರ ಫೋನ್ ನಂಬರೂ ನನ್ನ ಹತ್ತಿರ ಇರಲಿಲ್ಲ.

ಮೊನ್ನೆ ಬ್ರಹ್ಮಾವರದ ಹೋಟೆಲೊಂದರಲ್ಲಿ ಗಲ್ಲಾದ ಹಿಂದೆ ನನ್ನ ಕ್ಯಾಲೆಂಡರ್ ನೇತಾಡುತ್ತಿತ್ತು. ಚಾ ಕುಡಿದು, ಮಾಲೀಕರ ಬಾಲ್ ಪೆನ್ ಕೇಳಿ ತೆಗೆದುಕೊಂಡು ಆ ಕಪ್ಪು ಚೌಕವನ್ನು ಪೂರ್ತಿ ಗೀಚಿ ಹಾಕಿದೆ. “ಚೆಂದದ ಚಿತ್ರ ಹಾಳು ಮಾಡ್ತ್ರಿಯಲ್ಲ!” ಎಂದು ಅವರು ಬೈದರು.