ಜಿಎ3 ಪುಡಿ: ಪಪ್ಪಾಯಿಗೆ ಸರಿ, ಲೆಟ್ಯೂಸ್‌ಗೆ ಬೆಳಕೇ ಸಾಕು

ಆನ್‌ಲೈನಲ್ಲಿ 1 ಗ್ರಾಂ ಜಿಬ್ಬರೆಲಿಕ್ ಆಸಿಡ್ (ಜಿಎ3, ಗಿಡದ ಬೆಳವಣಿಗೆಯ ಹಾರ್ಮೋನು) ಪುಡಿ ತರಿಸಿದ್ದೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದು ಹೊಸದೇನಲ್ಲ, ಕಾಯಿ ದಪ್ಪ ಆಗಲಿ ಅಂತ ಗೊಂಚಲಿಗೆ ಬಳಸುತ್ತಾರೆ. ನನಗೆ ಬೇಕಿದ್ದದ್ದು ಟೆರೇಸ್ ಮೇಲೆ ಬೀಜ ಮೊಳೆಸೋಕೆ.

ಮೊದಲು ಬೈಗುಳ. ಪ್ಯಾಕೆಟ್ ಮೇಲೆ 'ಎಲ್ಲ ಬೀಜಕ್ಕೂ' ಅಂತ ದೊಡ್ಡದಾಗಿ ಬರೆದಿದ್ದಾರೆ, ಎಷ್ಟು ನೀರಿಗೆ ಎಷ್ಟು ಪುಡಿ ಅನ್ನೋದು ಮಾತ್ರ ಎಲ್ಲೂ ಇಲ್ಲ. ಸೀದಾ ನೀರಿಗೆ ಸುರಿದರೆ ಪುಡಿ ಮೇಲೆ ತೇಲಿ ಗಂಟು ಕಟ್ಟುತ್ತದೆ. ಮೊದಲು ಸ್ವಲ್ಪ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ತಿಳಿಯಾದ ಮೇಲೆ ನೀರು ಸೇರಿಸಿ. 1 ಗ್ರಾಂ 1 ಲೀಟರಿಗೆ ಹಾಕಿದರೆ 1000 ಪಿಪಿಎಂ (ಅಂದರೆ ಲೀಟರಿಗೆ 1000 ಮಿಲಿಗ್ರಾಂ). ಅದರಲ್ಲಿ 100 ಎಂಎಲ್ ತೆಗೆದು ಮತ್ತೆ ಲೀಟರ್ ಮಾಡಿದರೆ 100 ಪಿಪಿಎಂ.

ಪಪ್ಪಾಯಿಗೆ ಕೆಲಸ ಮಾಡಿತು. ಬೀಜದ ಸುತ್ತ ಇರುವ ಲೋಳೆಯಲ್ಲೇ ಮೊಳಕೆ ತಡೆಯುವ ಅಂಶಗಳಿರುತ್ತವೆ, ಅದಕ್ಕೇ ಬೂದಿ ಹಾಕಿ ಚೆನ್ನಾಗಿ ಉಜ್ಜಿ ತೊಳೆದು, ರಾತ್ರಿಯಿಡೀ ಈ ನೀರಲ್ಲಿ ನೆನೆಸಿದೆ. ಬರೀ ನೀರಲ್ಲಿ ನೆನೆಸಿದ್ದು ಇವತ್ತೊಂದು ನಾಳೆಯೊಂದು ಅಂತ ಎದ್ದವು, ಇವು ಹೆಚ್ಚುಕಮ್ಮಿ ಒಟ್ಟಿಗೇ ತಲೆ ಎತ್ತಿದವು.

ಲೆಟ್ಯೂಸ್‌ಗೆ ಮಾತ್ರ ಸುಮ್ನೆ ದುಡ್ಡು ದಂಡ. ಒದ್ದೆ ಟಿಶ್ಯೂ ಮೇಲೆ ಬೀಜ ಹರಡಿ ಒಂದು ಡಬ್ಬಿ ಕಿಟಕಿ ಹತ್ತಿರ ಇಟ್ಟೆ, ಇನ್ನೊಂದಕ್ಕೆ ಕಪ್ಪು ಕವರ್ ಸುತ್ತಿದೆ. ಕತ್ತಲೆ ಡಬ್ಬಿಯಲ್ಲಿ ಅಲ್ಲೊಂದು ಇಲ್ಲೊಂದು, ಬೆಳಕಿನದರಲ್ಲಿ ಬಿಳಿ ಬೇರುಗಳ ಗುಂಪೇ! ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಕೃಷಿ ವಿಜ್ಞಾನಿಗಳು 1952ರಲ್ಲೇ ಇದನ್ನು ತೋರಿಸಿದ್ದರು. 'ಗ್ರ್ಯಾಂಡ್ ರ್‍ಯಾಪಿಡ್ಸ್' ತಳಿಯ ಲೆಟ್ಯೂಸ್ ಬೀಜಕ್ಕೆ ಕೆಂಪು ಬೆಳಕು ಹಾಯಿಸಿದರೆ ಮೊಳೆಯುತ್ತದೆ, ಅದಾದ ಮೇಲೆ ಇನ್ನೂ ಉದ್ದ ಅಲೆಯ ಫಾರ್-ರೆಡ್ ಬೆಳಕು ಹಾಯಿಸಿದರೆ ನಿಲ್ಲುತ್ತದೆ, ಎಷ್ಟು ಸಲ ಅದಲುಬದಲು ಮಾಡಿದರೂ ಲೆಕ್ಕಕ್ಕೆ ಬರೋದು ಕೊನೆಯ ಬೆಳಕು ಮಾತ್ರ. ಬಿಸಿಲಿನಲ್ಲೂ ಇರುವ ಈ ಕೆಂಪು ಬೆಳಕು ಬಿದ್ದಾಗ ಬೀಜವೇ ಒಳಗೆ ಜಿಬ್ಬರೆಲಿನ್ (ಪುಡಿಯಲ್ಲಿರುವ ಜಾತಿಯದೇ ಹಾರ್ಮೋನು) ತಯಾರಿಸಿಕೊಳ್ಳುತ್ತದೆ. ಪುಡಿ ಹಾಕಿದರೆ ಕತ್ತಲಲ್ಲೂ ಮೊಳೆಯಬಹುದು ಅನ್ನೋದು ನಿಜ, ಆದರೆ ಬಿಟ್ಟಿ ಬಿಸಿಲು ಇರುವಾಗ ಯಾಕೆ ಅಲ್ವಾ? ಮಣ್ಣಿನ ಮೇಲೇ ಉದುರಿಸಿ, ಮುಚ್ಚಬೇಡಿ. ಬೇಸಿಗೆಯಲ್ಲಿ ತಂಪಾದ ಜಾಗ ನೋಡಿ, ಸೆಕೆ ಜಾಸ್ತಿಯಾದರೆ ಮುಷ್ಕರ ಹೂಡುವ ಬೀಜ ಇದು.

ಒಳ್ಳೇದು ಅಂತ ಡೋಸ್ ಏರಿಸಬೇಡಿ, ಸಸಿ ಕಡ್ಡಿಯಂತೆ ಉದ್ದವಾಗಿ ಬಾಗುತ್ತದೆ. ಜಪಾನಿನಲ್ಲಿ ಈ ವಸ್ತು ಪತ್ತೆಯಾಗಿದ್ದೇ ಹಾಗೆ ಉದ್ದ ಬೆಳೆದು ಬಿದ್ದುಹೋಗುತ್ತಿದ್ದ ಭತ್ತದ ರೋಗದಿಂದ.

ಪುಡಿಗೆ 4 ಸ್ಟಾರ್, ಪ್ಯಾಕೆಟ್ ಮೇಲಿನ ಬರಹಕ್ಕೆ 1. ಬರೀ ಲೆಟ್ಯೂಸ್ ಹಾಕುವವರು ಈ ದುಡ್ಡಿಗೆ ಇನ್ನೊಂದು ಪ್ಯಾಕೆಟ್ ಬೀಜ ತಗೊಳ್ಳಿ.