ಭೋಸರಿಯ ಸೆಪರೇಟರ್ ಶಾಪ್: ಬೌಲ್ ಬಿಚ್ಚೋಕಿಂತ ಮೊದಲ ನೀರಿನ ಮಾತು ಕೇಳಿದ್ರು

ಪುಣೆದಾಗ ಹಾಲಿನ ಸೆಪರೇಟರ್, ಅಂದ್ರ ಹಾಲಿನಿಂದ ಕ್ರೀಮ್ ಬ್ಯಾರೆ ಮಾಡೋ ಮಷಿನ್, ಕೆಟ್ರ ಯಾರ ಕಡೆ ಒಯ್ಯಬೇಕು ಅಂತ ಡೈರಿ ಲೈನ್‌ನಾಗ ಇರೋ ನಮ್ಮ ಕನ್ನಡದ ಹುಡುಗ್ರು ಆಗಾಗ ಕೇಳ್ತಿರ್ತಾರ, ಎಲ್ಲಾರಿಗೂ ಫೋನ್‌ನಾಗ ಅರ್ಧಂಬರ್ಧ ಹೇಳೋಕಿಂತ ಒಮ್ಮೆ ಪೂರ್ತಿ ಬರದ ಬಿಡ್ತೀನಿ. ನಾ ವಿಜಯಪುರದಾವ, ಇಲ್ಲಿಗೆ ಬಂದು ಹನ್ನೊಂದು ವರ್ಷಾತು, ನಾಶಿಕ್ ಹೈವೇದಾಗ ಚಾಕಣ ದಾಟಿದ ಮ್ಯಾಲ ಬರೋ ಒಂದು ಸಣ್ಣ ಡೈರಿ ಪ್ಲಾಂಟ್‌ನಾಗ ಮೇಂಟೆನೆನ್ಸ್ ನೋಡ್ಕೋತೀನಿ. ನಮ್ಮ ಮಷಿನ್ ತಾಸಿಗೆ 5000 ಲೀಟರ್‌ದು, ಜೋರಾಗಿ ತಿರುಗೋ ಪಾತ್ರಿ ಅಂದ್ರ ಬೌಲ್, ಅದರೊಳಗ ಡಿಸ್ಕ್ ಅನ್ನೋ ತಗಡು ಇರೋದು, ಒಳಗಿನ ಕೆಸರು ತಾನ ಹೊರಗ ಚೆಲ್ಲೋ ಟೈಪ್. ಶಾಪಿನ ಹೆಸರು ಹಾಕಂಗಿಲ್ಲ, ಯಾಕಂದ್ರ ಅದಕ್ಕೂ ಮೊದಲ ಹೋಗಿದ್ದ ಇನ್ನೊಂದು ಶಾಪಿನ ಮಾತೂ ಬರ್ತದ, ಹೆಸರು ತಗೊಂಡು ಯಾರ ಹೊಟ್ಟಿ ಮ್ಯಾಲೂ ಹೊಡಿಯೋದು ಬ್ಯಾಡ.

ಮೊದಲ ನಮಗ ಏನಾಗಿತ್ತು ಅಂತ ಹೇಳ್ತೀನಿ. ಸ್ಕಿಮ್ ಹಾಲಿನಾಗ, ಅಂದ್ರ ಕ್ರೀಮ್ ತೆಗದ ಹಾಲಿನಾಗ, ಫ್ಯಾಟ್ 0.05 ಪರ್ಸೆಂಟ್ ಬರ್ತಿತ್ತು, ಅದು ಮೆಲ್ಲಕ ಏರಿ 0.12ಕ್ಕ ಬಂತು. ಹೊರಗಿನಾವ್ರಿಗೆ ಇದು ಏನೂ ಅಲ್ಲ ಅನ್ನಿಸ್ತದ, ಆದ್ರ ದಿನಾ 36,000 ಲೀಟರ್ ಸ್ಕಿಮ್ ಹಿಡದ್ರ ಆ 0.07 ಅಂದ್ರ ಸುಮಾರು 25 ಕಿಲೋ ಫ್ಯಾಟ್ ದಿನಾ ಕೈ ಬಿಟ್ಟು ಹೋಗ್ತದ. ಲ್ಯಾಬಿನ ಹುಡುಗಿ ಮೂರು ಸಲ ಫ್ಯಾಟ್ ಅಳಿಯೋ ಗರ್ಬರ್ ಟೆಸ್ಟ್ ಮಾಡಿ ಬಂದು ಸರ್ ತಪ್ಪಿಲ್ರಿ ಇಷ್ಟ ಬರ್ತದ ಅಂದಳು. ಹಾಲಿನ ಬಿಸಿ ನೋಡಿದ್ವಿ 55 ಡಿಗ್ರಿ ಸರಿ ಇತ್ತು, ಫ್ಲೋ ಸರಿ ಇತ್ತು, ಕ್ರೀಮ್ ಸ್ಕ್ರೂ ಮುಟ್ಟಿರಲಿಲ್ಲ. ಅದರ ಸಂಗಟ ಮಷಿನ್ ನಡಗಲಿಕ್ಕೂ ಸುರು ಆತು, ನೆಲದ ಮ್ಯಾಲ ನಿಂತ್ರ ಅಂಗಾಲಿಗೆ ಗೊತ್ತಾಗ್ತಿತ್ತು.

ಮೊದಲನೇ ಶಾಪಿನಾವ್ರು ಎರಡ ದಿನದಾಗ ಕೊಟ್ರು, ಅದಕ್ಕ ಖುಷಿ ಆಗಿದ್ವಿ. ಬೇರಿಂಗ್ ಬದಲಿ, ಗ್ಯಾಸ್ಕೆಟ್ ಬದಲಿ, ಬಿಲ್ ಮಾತ್ರ ದಪ್ಪ. ಹಚ್ಚಿ ನೋಡಿದ್ರ ಹತ್ತು ದಿನ ಛಲೋ, ಆಮ್ಯಾಲ ಮತ್ತ ಅದ ಕಥಿ. ಬಿಚ್ಚಿ ನೋಡ್ತೀನಿ, ಡಿಸ್ಕ್ ಎಲ್ಲಾ ವೈರ್ ಬ್ರಷ್ ಹಾಕಿ ತಿಕ್ಕ್ಯಾರ, ಹೊಳೀಲಿಕ್ಕತ್ತಾವ, ಆದ್ರ ಮೈಮ್ಯಾಲೆಲ್ಲಾ ಗೆರಿ ಬಿದ್ದಾವ. ಡಿಸ್ಕ್ ಮ್ಯಾಲಿನ ನಂಬರ್ ಪ್ರಕಾರ ಜೋಡಿಸಿಲ್ಲ, 14 ಆದ ಮ್ಯಾಲ 31. ಸೆಪರೇಟರ್ ಬೌಲ್ ಅಂದ್ರ ಪೂರ್ತಿ ಸೆಟ್ ಕೂಡ್ಸಿ ಬ್ಯಾಲೆನ್ಸ್ ಮಾಡಿರ್ತಾರ, ಒಂದು ಮಷಿನ್‌ನ ಭಾಗ ಇನ್ನೊಂದಕ್ಕ ಹಾಕಂಗಿಲ್ಲ, ಡಿಸ್ಕ್ ಹಿಂದ ಮುಂದ ಮಾಡಂಗಿಲ್ಲ. ಇದು ಗೊತ್ತಿಲ್ದಾವ್ರು ಈ ಕೆಲಸಕ್ಕ ಕೈ ಹಾಕಬಾರದು ಅಂತ ನಾ ಇವತ್ತಿಗೂ ಹೇಳ್ತೀನಿ, ಯಾಕಂದ್ರ ಅಷ್ಟು ಸ್ಪೀಡಿನಾಗ ತಿರುಗೋ ಬೌಲಿನ ಬಾಜೂಕ ನಮ್ಮ ಹುಡುಗ್ರು ನಿಂತು ಕೆಲಸ ಮಾಡ್ತಾರ.

ಎರಡನೇ ಶಾಪ್ ಭೋಸರಿ ಎಂಐಡಿಸಿ ಅನ್ನೋ ಕೈಗಾರಿಕಾ ಏರಿಯಾ ಒಳಗ ಅದ, ಎರಡ ಶೆಡ್ಡು, ಹೊರಗ ಬೋರ್ಡೂ ಸಣ್ಣದು. ನಡಸೋರು ಸೋಲಾಪುರ ಕಡಿಯವರು, ಅರವತ್ತು ದಾಟ್ಯಾರ, ಮನ್ಯಾಗ ಕನ್ನಡನ ಮಾತಾಡ್ತಾರ, ಎಲ್ಲಾರೂ ಕಾಕಾ ಅಂತಾರ. ಫೋನ್ ಮಾಡಿ ಹಿಂಗಿಂಗ ಆಗೇದ ಕಾಕಾ ಅಂದೆ. ಬೇರಿಂಗ್ ಯಾವುದು, ಮಾಡೆಲ್ ಯಾವುದು ಅಂತ ಕೇಳ್ತಾರ ಅನ್ಕೊಂಡಿದ್ದೆ. ಅವರು ಕೇಳಿದ್ದು, "ತಮ್ಮಾ, ಬೌಲ್ ತೆರಿಯೋ ಮುಚ್ಚೋ ನೀರು ಎಲ್ಲಿಂದ ಕೊಡ್ತೀರಿ, ಬೋರ್‌ದೋ ಟ್ಯಾಂಕರ್‌ದೋ?" ಅಂತ. ಬೋರ್ ನೀರ ಕಾಕಾ ಅಂದೆ. "ಹಂಗಾದ್ರ ಒಂದು ಬಾಟ್ಲಿ ನೀರೂ ತಗೊಂಡ ಬಾ, ಮೊದಲ ಅದನ್ನ ನೋಡೋಣು" ಅಂದ್ರು.

ಅವರ ಟೇಬಲ್ ಮ್ಯಾಲ ಬೌಲ್ ಬಿಚ್ಚಿದಾಗ ನಾ ಬಾಜೂಕ ನಿಂತಿದ್ದೆ, ನಿಲ್ಲು ಅಂತ ಅವರ ಹೇಳಿದ್ರು, ಈ ರಿವ್ಯೂ ಬರಿಯೋಕ ಮುಖ್ಯ ಕಾರಣ ಅದ. ದೊಡ್ಡ ಲಾಕ್ ರಿಂಗ್ ಉಲ್ಟಾ ಥ್ರೆಡ್ ಇರ್ತದಲ್ಲ, ತೆಗಿಯೋಕಿಂತ ಮೊದಲ ಬೌಲ್ ಮ್ಯಾಲಿನ ಗುರುತು, ರಿಂಗ್ ಮ್ಯಾಲಿನ ಗುರುತು ಎರಡೂ ತೋರಿಸಿ ಮೊಬೈಲ್‌ನಾಗ ಫೋಟೋ ತಗೋ ಅಂದ್ರು. ವರ್ಷ ವರ್ಷ ಹಾಕಿ ತೆಗದು ಥ್ರೆಡ್ ಸವದಂಗ ಆ ರಿಂಗಿನ ಗುರುತು ಮುಂದ ಮುಂದ ಹೋಗ್ತದ, ಒಂದು ಹದ್ದು ದಾಟಿತು ಅಂದ್ರ ಆ ಬೌಲ್ ಓಡಸಬಾರದು. ನಮ್ಮದು ಇನ್ನೂ ಹದ್ದಿನೊಳಗ ಇತ್ತು. ಇಷ್ಟು ವರ್ಷ ಆ ಗುರುತನ್ನ ನಾವು ಕೂಡಸೂ ಮುಂದ ಸುಮ್ನ ಸಾಲಿಗೆ ಹಿಡೀತಿದ್ವಿ, ಅದು ಸವತ ತೋರಸೋ ಮೀಟರ್ ಅಂತ ಯಾರೂ ಹೇಳಿರಲಿಲ್ಲ.

ಆಮ್ಯಾಲ ಕೆಳಗಿನ ಸ್ಲೈಡಿಂಗ್ ಬಾಟಮ್, ಅಂದ್ರ ಬೌಲಿನ ಮ್ಯಾಲ ಕೆಳಗ ಸರಿಯೋ ತಳ, ಎತ್ತಿ ಬ್ಯಾಟರಿ ಹಾಕಿ ತೋರಿಸಿದ್ರು. ನೀರು ಹೋಗೋ ಸಣ್ಣ ತೂತು ಇರ್ತಾವ, ಗುಂಡಸೂಜಿ ತಲಿಗಿಂತ ಸ್ವಲ್ಪ ದೊಡ್ಡವು, ಅದರೊಳಗ ಬೆಳ್ಳಗ ಸುಣ್ಣ ಕಟ್ಟಿ ಅರ್ಧಕ್ಕರ್ಧ ಮುಚ್ಚಿತ್ತು. ಉಗುರಲೆ ಕೆರದ್ರ ಪುಡಿ ಬಂತು. ಅಲ್ಲಿ ನನಗ ಪೂರ್ತಿ ತಿಳೀತು. ಕೆಸರು ಹೊರಗ ಹಾಕೋ ಟೈಮಿಗೆ ಆ ನೀರು ಬಂದು ಬಾಟಮ್ ಕೆಳಗ ಇಳೀಬೇಕು, ಒಂದು ಸೆಕೆಂಡ್‌ಗಿಂತ ಕಡಿಮಿ ಟೈಮ್‌ದಾಗ ಬೌಲಿನ ಸುತ್ತಲಿನ ಸಂದು ತೆರದು ಮತ್ತ ಮುಚ್ಚಬೇಕು. ತೂತು ಕಟ್ಟಿದ್ರ ಪೂರ್ತಿ ತೆರಿಯಂಗಿಲ್ಲ, ಕೆಸರು ಅರ್ಧ ಒಳಗ ಉಳೀತದ, ಮುಂದ ಮುಂದ ತುಂಬಿ ಡಿಸ್ಕ್ ಅಂಚಿಗೆ ಬರ್ತದ, ಆಮ್ಯಾಲ ಸ್ಕಿಮ್‌ನಾಗ ಫ್ಯಾಟ್ ಏರದ ಏನ್ ಮಾಡ್ತದ? ನಡಗಿದ್ದೂ ಅದಕ್ಕ, ಒಂದ ಕಡೆ ಹೆಚ್ಚು ಉಳದಿತ್ತು. ಕಾಕಾ ಕ್ಯಾಲ್ಕುಲೇಟರ್ ತಗೊಂಡು ಲೆಕ್ಕ ಹಾಕಿ ತೋರಿಸಿದ್ರು, ನಿಮಿಷಕ್ಕ 6500 ಸುತ್ತು, ಬೌಲ್ 40 ಸೆಂಟಿಮೀಟರ್ ಅಗಲ ಅಂತ ಹಿಡದ್ರ ಅಂಚು ತಾಸಿಗೆ ಸುಮಾರು 490 ಕಿಲೋಮೀಟರ್ ಸ್ಪೀಡಿನಾಗ ಓಡ್ತಿರ್ತದ, ಆ ಅಂಚಿಗೆ ಬರೇ 10 ಗ್ರಾಂ ಕೆಸರು ಒಂದ ಕಡೆ ಅಂಟಿದ್ರ ಸುಮಾರು 95 ಕಿಲೋ ತೂಕದ ಎಳತ ಆಗ್ತದ. ಹೊಸ ಬೇರಿಂಗ್ ಹಾಕಿದ್ರ ಅದನ್ನೂ ತಿಂದು ಹಾಕ್ತದ.

ನೀರಿನ ಬಾಟ್ಲಿ ಟೆಸ್ಟ್ ಮಾಡಿದ್ರ ಹಾರ್ಡ್‌ನೆಸ್, ಅಂದ್ರ ನೀರಿನ ಗಡಸುತನ, 420 ಬಂತು. ನಮ್ಮ ಮಷಿನ್ ಮ್ಯಾನ್ಯುಅಲ್‌ನಾಗ 180 ಒಳಗ ಇರಬೇಕು ಅಂತ ಅದ, ನಮ್ಮ ಕಪಾಟಿನಾಗ ಇದ್ದ ಪುಸ್ತಕ ಅದು. ಮೊದಲನೇ ಶಾಪಿನಾವ್ರು ಬೇರಿಂಗ್ ಮಾರಿದ್ರು, ಇವರು ನೀರಿನ ಗಡಸುತನ ತೆಗಿಯೋ ಒಂದು ಸಣ್ಣ ಸಾಫ್ಟ್‌ನರ್ ಹಚ್ಚು ಅಂದ್ರು, ಅದೂ ತಮ್ಮ ಕಡಿಂದ ಅಲ್ಲ, ನಿಮಗ ಎಲ್ಲಿ ಸೋವಿ ಸಿಗ್ತದೋ ಅಲ್ಲಿ ತಗೋರಿ ಅಂದ್ರು.

ಈಗ ಡಿಸ್ಕ್ ಮಾತು. ಡಿಸ್ಕ್ ಡಿಸ್ಕ್ ನಡುವ ಅರ್ಧ ಮಿಲಿಮೀಟರ್ ಸಂದು ಇರ್ತದ, ಎಲ್ಲಾ ಆಟ ಆ ಸಂದಿನಾಗ. ಸ್ವೀಡನ್ನಿನ ಗುಸ್ಟಾಫ್ ಡಿ ಲಾವಲ್ 1878ರಾಗ ನಿಲ್ಲದಂಗ ಓಡೋ ಸೆಪರೇಟರ್ ಮಾಡಿದಾಗ ಬೌಲ್ ಖಾಲಿ ಇತ್ತು, ಅದರೊಳಗ ಈ ಶಂಕುವಿನಂಥ ತಗಡು ಒಂದರ ಮ್ಯಾಲ ಒಂದು ಇಡೋ ಯೋಚನಿ ಜರ್ಮನಿಯ ಕ್ಲೆಮೆನ್ಸ್ ಫಾನ್ ಬೆಖ್ಟೋಲ್ಶೈಮ್ ಅನ್ನೋರದು, 1888ರ ಪೇಟೆಂಟ್. ಫ್ಯಾಟ್ ಕಣ ಬೌಲಿನ ಆ ಕಡಿಂದ ಈ ಕಡೀತನಕ ಓಡೋ ಬದಲಿ ಅರ್ಧ ಮಿಲಿಮೀಟರ್ ಓಡಿದ್ರ ಸಾಕು, ತಗಡು ಮುಟ್ಟಿತು ಅಂದ್ರ ಕ್ರೀಮ್ ಕಡೆ ಜಾರ್ತದ. ಹಂಗಾಗಿ ಆ ತಗಡಿಗೆ ಹೊಲಸು ಹತ್ತಿದ್ರ, ಗೆರಿ ಬಿದ್ದು ಹಾಲಿನ ಕಲ್ಲು (ಹಾಲಿನ ಖನಿಜ ಗಟ್ಟಿ ಆಗಿ ಕಟ್ಟೋ ಪದರ) ಕೂತ್ರ, ಸಂದ ಇಲ್ದಂಗ ಆಗ್ತದ. ಕಾಕಾ ಒಂದು ಡಿಸ್ಕ್ ತಗೊಂಡು ಕಿಟಕಿ ಬೆಳಕಿಗೆ ಓರೆ ಹಿಡದ್ರು, ನೀರು ಹಾಕಿದ್ರು. ಕೆಲವು ಕಡೆ ನೀರು ಹಾಳಿ ಹಂಗ ಹರಡಿ ಇಳೀತು, ಕೆಲವು ಕಡೆ ಮುತ್ತಿನಂಗ ಹನಿ ಹನಿ ನಿಂತಿತು. ಹನಿ ನಿಂತಲ್ಲಿ ಜಿಡ್ಡು ಇನ್ನೂ ಅದ ಅಂದ್ರು. ನಾವು ಕಣ್ಣಲೆ ನೋಡಿ ಸ್ವಚ್ಛ ಅದ ಅಂತಿದ್ವಿ.

ತಪ್ಪು ನಮ್ಮ ಸಿಐಪಿ ಒಳಗೂ, ಅಂದ್ರ ಮಷಿನ್ ಬಿಚ್ಚದಂಗ ಒಳಗ ತೊಳಿಯೋದ್ರಾಗೂ, ಇತ್ತು, ಅದನ್ನೂ ಮುಖದ ಮ್ಯಾಲ ಹೇಳಿದ್ರು, ಆದ್ರ ಬೈದು ಅಲ್ಲ. ಕಾಸ್ಟಿಕ್ ಸೋಡಾ ನಮ್ಮ ಹುಡುಗ್ರು ಮಗ್ಗಿನ ಲೆಕ್ಕದಾಗ ಹಾಕ್ತಿದ್ರು, ಅಳತಿ ಮಾಡಿದ್ರ ಅರ್ಧ ಪರ್ಸೆಂಟೂ ಇರಲಿಲ್ಲ. ಅವರು ಹಾಕಿಕೊಟ್ಟ ಪದ್ಧತಿ ಹಿಂಗದ: ಮೊದಲ ಬೆಚ್ಚನ ನೀರು ಹಾಲು ಪೂರ್ತಿ ಹೋಗೋತನಕ, ಆಮ್ಯಾಲ ಕಾಸ್ಟಿಕ್ ಒಂದರಿಂದ ಒಂದೂವರಿ ಪರ್ಸೆಂಟ್ 75 ಡಿಗ್ರಿ ಮ್ಯಾಲ, ನಡುವ ನೀರು, ಆಮ್ಯಾಲ ನೈಟ್ರಿಕ್ ಆಸಿಡ್ ಅರ್ಧದಿಂದ ಒಂದು ಪರ್ಸೆಂಟ್ 65 ಡಿಗ್ರಿಯಾಗ, ಕಡೀಕ ಮತ್ತ ನೀರು. ಜಿಡ್ಡೂ ಪ್ರೋಟೀನೂ ತೆಗಿಯೋದು ಕಾಸ್ಟಿಕ್, ಹಾಲಿನ ಕಲ್ಲು ಕರಗಸೋದು ಆಸಿಡ್, ಒಂದರ ಕೆಲಸ ಇನ್ನೊಂದು ಮಾಡಂಗಿಲ್ಲ. ಸಿಐಪಿ ನಡದಾಗ ಬೌಲ್ ಪೂರ್ತಿ ಸ್ಪೀಡಿನಾಗ ಓಡ್ತಿರಬೇಕು, ನಡುನಡುವ ನಾಕೈದು ಸಲ ಕೆಸರು ಚೆಲ್ಲಿಸಬೇಕು, ಇಲ್ಲಾಂದ್ರ ಸುತ್ತಲಿನ ಕೆಸರಿನ ಜಾಗಕ್ಕ ಕಾಸ್ಟಿಕ್ ಮುಟ್ಟೋದ ಇಲ್ಲ. ನಾವು ಇದನ್ನ ಮಾಡ್ತಾನ ಇರಲಿಲ್ಲ, ನೀರು ಉಳೀತದ ಅಂತ. ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಹತ್ತರಕ್ಕೂ ತರಬ್ಯಾಡ್ರಿ ಅಂತ ಎರಡ ಸಲ ಹೇಳಿದ್ರು, ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್ ಬಿದ್ರ ಸಣ್ಣ ಸಣ್ಣ ಗುಂಡಿ ಬೀಳ್ತಾವ, ಅಷ್ಟು ಸ್ಪೀಡಿನಾಗ ತಿರುಗೋ ಬೌಲಿಗೆ ಒಂದು ಗುಂಡಿಯಿಂದ ಬಿರುಕು ಸುರು ಆದ್ರ ಮುಂದ ಏನಾಗ್ತದ ಅಂತ ಹೇಳೋದ ಬ್ಯಾಡ.

ಕೊರತಿನೂ ಹೇಳಬೇಕು. ಐದು ದಿನ ಅಂದು ಎಂಟು ದಿನ ತಗೊಂಡ್ರು, ಬ್ಯಾಲೆನ್ಸಿಂಗ್ ಬ್ಯಾರೆ ಕಡೆ ಕಳಸ್ತಾರ, ಅಲ್ಲಿ ಸರದಿ ಇರ್ತದ. ಅಷ್ಟು ದಿನ ನಾವು ಹಾಲು ಹೊರಗ ಕಳಸಿ ಸ್ಕಿಮ್ ಮಾಡಿಸಿದ್ವಿ, ಅದರ ಖರ್ಚು ರಿಪೇರಿಗಿಂತ ಹೆಚ್ಚಾತು. ಮೂರು ದಿನ ಲೇಟ್ ಆಗ್ತದ ಅಂತ ಮೊದಲ ಹೇಳಿದ್ರ ನಾ ಬ್ಯಾರೆ ವ್ಯವಸ್ಥಾ ಮಾಡ್ತಿದ್ದೆ. ಗಾಡಿ ಇಲ್ಲ, ಟೆಂಪೋ ನೀವ ತರಬೇಕು, ಮೋಶಿ ಟ್ರಾಫಿಕ್‌ನಾಗ ಎರಡೂವರಿ ತಾಸು ಹೋತು. ಗ್ಯಾಸ್ಕೆಟ್ ಕಂಪನಿ ಒರಿಜಿನಲ್ ಅಲ್ಲ, ಆದ್ರ ಅದನ್ನ ಬಾಯಿಬಿಟ್ಟು ಹೇಳಿ, ಫುಡ್ ಗ್ರೇಡ್ ಸರ್ಟಿಫಿಕೇಟ್ ತೋರಿಸಿ, ಒರಿಜಿನಲ್ ಬೇಕಂದ್ರ ಇಷ್ಟು ಅಂತ ಎರಡೂ ರೇಟ್ ಬರದು ಕೊಟ್ರು.

ವಾಪಸ್ ತಂದು ಹಚ್ಚೋ ದಿನ ಕಾಕಾ ತಾವ ಬಂದಿದ್ರು. ಟ್ರಯಲ್ ಆದ ಮ್ಯಾಲ ನಮ್ಮ ಒಬ್ಬ ಹುಡುಗ ಸ್ವಿಚ್ ಬಂದ್ ಮಾಡಿ ಹತ್ತು ನಿಮಿಷಕ್ಕ ಸ್ಪ್ಯಾನರ್ ತಗೊಂಡು ಹೋದ, ಕಾಕಾ ಅವನ ಕೈ ಗಟ್ಟಿ ಹಿಡದು, "ಕೂಡ್ರು ಇಲ್ಲಿ, ಅದು ಪೂರ್ತಿ ನಿಂತದ ಅಂತ ನೋಡೋತನಕ ಒಂದು ನಟ್ಟೂ ಮುಟ್ಟಬ್ಯಾಡ" ಅಂದು, ಅರ್ಧ ತಾಸು ಬಾಜೂಕ ಕುರ್ಚಿ ಹಾಕ್ಕೊಂಡು ಕೂತ್ರು. ಆ ಹುಡುಗಗ ಇಪ್ಪತ್ತೆರಡು ವರ್ಷ, ಇಂಡಿ ತಾಲೂಕಿನಾವ, ಅವ್ವಗ ಒಬ್ಬನ ಮಗ. ನಾ ಆ ಶಾಪಿಗೆ ಐದಕ್ಕ ಐದು ಕೊಡೋದು ಆ ಅರ್ಧ ತಾಸಿಗೆ, ಎಂಟು ದಿನದ ಸಿಟ್ಟು ಅಲ್ಲೇ ಇಳೀತು.

ಈಗ ಆರು ತಿಂಗಳಾತು, ಸ್ಕಿಮ್ 0.05ರಾಗ ಅದ, ಒಂದೆರಡ ಸಲ 0.06 ಬಂದಿತ್ತು, ಗೇರ್ ಆಯಿಲ್ ಬಣ್ಣ ಸ್ವಚ್ಛ ಅದ, ನೀರು ಸೇರಿಲ್ಲ. ಹೋಗೋರು ಇದ್ರ ಮಷಿನ್ ಜೋಡಿ ಬಂದ ಸ್ಪೆಷಲ್ ಟೂಲ್ ಎಲ್ಲಾ ಒಯ್ರಿ, ಡಿಸ್ಕ್ ನಂಬರ್ ಪ್ರಕಾರ ಕಟ್ಟಿ ಒಯ್ರಿ, ಸಾಧ್ಯ ಇದ್ರ ಮ್ಯಾನ್ಯುಅಲ್ ಝೆರಾಕ್ಸ್ ಸುದ್ದಾ, ಮತ್ತ ಒಂದು ಬಾಟ್ಲಿ ನೀರು. ಗುರುವಾರ ಶಾಪ್ ಬಂದ್ ಇರ್ತದ.